ವಲ್ಲಿಯ ಕೆಳಗಿನ ಮಾತು

"ಬರದು ಕೊಡ್ತೀರೇನ್ರಿ ಮೇಡಂ?"
ಶಹಾಪುರದ ಹುಡುಗಿಯ ತಾಯಿ ನಿನ್ನೆ ಕೇಳಿದಳು.
ಮಗಳು ಪಿಚ್ಚರ್, ಎಡಗೈ.
ನಾನು ಬ್ಯಾಗಿನ್ಯಾಗ ಪೆನ್ನು ಹುಡುಕಿದೆ,
ಸಿಕ್ಕಿತ್ತು ಖರೇ,
ಆದ್ರೂ ಇನ್ನೂ ಸ್ವಲ್ಪ ಹೊತ್ತು ಹುಡುಕಿದೆ.

ಹೆಸರಿಗೆ ಸಾಫ್ಟ್‌ಬಾಲ್.
ಮೊಣಕಾಲಿಗೆ ಬಡಿದರ ತಿಳೀತದ ಎಷ್ಟು ಮೆತ್ತಗ ಅದ ಅಂತ.
ಅಪ್ಪ ಮೊದಲ ಸಲ ಕೈಯಾಗ ತೂಗಿ ನೋಡಿ
"ಪಾವ್ ಕಿಲೋಕ್ಕ ಒಂದೀಟು ಕಮ್ಮಿ" ಅಂದಿದ್ದ.
ಯಾದಗಿರಿ ಗಂಜಿನ ಹಮಾಲ ಸಾಯಬಣ್ಣ,
ಅವನ ತೂಕ ತಪ್ಪಂಗಿಲ್ಲ.

ಪಿಯುಸಿ ಎರಡನೇ ವರ್ಷ, ಜನವರಿ, ಜಿಲ್ಲಾ ಫೈನಲ್.
ಕರಿ ನೆಲ ಬಿರಿದು
ಸುಣ್ಣದ ಗೆರಿ ಬಿರುಕಿನೊಳಗ ಇಳಿದು ಹೋಗಿತ್ತು.
ಏಳನೇ ಇನ್ನಿಂಗ್ಸು. ಮೂವರಿಗೂ
ಬ್ಯಾಟು ಮುಟ್ಟಗೊಡಲಿಲ್ಲ ನಾನು.
ಕಂಪೌಂಡಿನ ಮ್ಯಾಲ ಕುಂತು
ಹಸಿ ತೊಗರಿಕಾಯಿ ಸುಲಿದು ತಿನ್ನಲತ್ತಿದ್ದ
ಕಲಬುರಗಿ ಕಾಲೇಜಿನ ಮಾಣಿಕಪ್ಪ ಸರ್
ಸಿಪ್ಪಿ ಕೊಡವಿಕೊಂಡು ಕೆಳಗ ಇಳಿದರು.
ನನ್ನ ಕೂಡ ಅಲ್ಲ, ಅಪ್ಪನ ಕೂಡ ಮಾತಾಡಿದರು:
"ಹುಡುಗಿ ನಮಗ ಬೇಕು. ಫೀಸು ಮಾಫ್, ಹಾಸ್ಟೆಲ್ ಮಾಫ್,
ವರ್ಷಕ್ಕೊಂದು ಜೋಡಿ ಬೂಟು."
"ಆಯ್ತ್ರಿ."
ಅಷ್ಟೇ. ಮೂರು ವರ್ಷದ ನನ್ನ ಬದುಕು
ಚಾ ಆರೂದರೊಳಗ ಮುಗೀತು.

ಗಂಜಿನ್ಯಾಗ ರಾಶಿ ಮುಂದ ನಿಂತು
ವಲ್ಲಿ ಹೊದ್ದಿಸಿ, ಒಳಗ ಬೆರಳು ಹಿಡಿದು ಹೇಳಿದ ದರ
ಸಂಜಿಗೆ ಹೈದ್ರಾಬಾದಿನ್ಯಾಗ ಏರಲಿ, ಬೀಳಲಿ,
ಅದೇ ದರ.
ಮೂವತ್ತು ವರ್ಷ ಚೀಲ ಹೊತ್ತ ಬೆನ್ನಿಗೆ
ಜಬಾನ್ ಅಂದ್ರ ಏನಂತ ಗೊತ್ತಿತ್ತು.

ನನಗ ಹದಿನೇಳು. ನನಗ ಗೊತ್ತಿದ್ದದ್ದು
ನನ್ನ ಕ್ಯಾಚರ್ ಫರ್ಜಾನಾ ಹೇಳಿದ್ದು:
ಅವಳಕ್ಕಗ ಯಾರೋ ಹಿಂಗೇ ಅಂದಿದ್ದರಂತ,
ಜೂನಿನ್ಯಾಗ ಕೌಂಟರಿನ ಕಿಂಡಿಯೊಳಗಿಂದ ಒಂದು ಕೈ ಬಂದು
"ಎಲ್ಲಿ ಬರದಾರ, ತೋರ್ಸು" ಅಂದಿತಂತ.

ಮಾರ್ಚಿಗೆ ಬೀದರಿನಿಂದ ಪತ್ರ ಬಂತು.
ದುಂಡನ ನೀಲಿ ಮೊಹರು. ಅರ್ಧ ಫೀಸು.
ಅರ್ಧ. ಆದ್ರ ಬರದದ್ದು.
ನನ್ನ ಸಹಿ ಮಾಡಿದೆ,
ಅಪ್ಪನದೂ ನಾನೇ ಮಾಡಿದೆ,
ಸಾ ಅಕ್ಷರದ ಬಾಲ ಅವನ ಹಂಗೇ ಎಳೆದು.

ಹೇಳಿದ್ದು ಮೇ ತಿಂಗಳು, ತಗಡಿನ ಕೆಳಗ ಉರಿ.
ಬೈಯಲಿಲ್ಲ. ಮಡಕಿ ನೀರು ಕುಡಿದು
"ಅವರಿಗೆ ಯಾರು ಹೇಳೋರು?" ಅಂದ.
ಮೆಸೇಜ್ ಹಾಕ್ತೀನಿ ಅಂದೆ.
ನನ್ನನ್ನ ನೋಡಿದ ನೋಟದಾಗ ಸಿಟ್ಟು ಇರಲಿಲ್ಲ,
ಕಾಂಟಾ ಇತ್ತು.

ಮರುದಿನ ಪ್ಯಾಸೆಂಜರ್ ರೈಲು, ಇಬ್ಬರೂ ನಿಂತೇ.
ಸರ್ ಪೂರಾ ಕೇಳಿದರು.
ಡ್ರಾ ಎಳೆದು ಒಂದು ರಸೀದಿ ತಗದರು.
ಹಾಸ್ಟೆಲ್ ಮುಂಗಡ, ಎಂಟು ಸಾವಿರ, ಏಪ್ರಿಲ್ ಎರಡು,
ವಿದ್ಯಾರ್ಥಿನಿ: ಜಗದೇವಿ.
ಕಟ್ಟಿದವರು ಅನ್ನೋ ಕಡೆ ಅವರ ಹೆಸರು.
"ಕಮಿಟಿ ಇನ್ನಾ ಒಪ್ಪಿಲ್ಲ. ಒಪ್ತದೋ ಇಲ್ಲೋ.
ನಾ ಅಂದಿದ್ದೆ ಅಲಾ, ಅದಕ್ಕ."
ಎದ್ದು ಅಲಮಾರಿಯಿಂದ ಬೂಟಿನ ಡಬ್ಬಿ ತಂದು
"ಒಯ್ಯಿ" ಅಂದರು. "ಐದು ನಂಬರ್,
ನಮ್ಮ ಹುಡುಗೇರ್ಯಾರಿಗೂ ಆಗಂಗಿಲ್ಲ."

ಅಪ್ಪ ಹೆಗಲ ವಲ್ಲಿ ತಗದು
ಟೇಬಲ್ಲಿನ ಮ್ಯಾಲ ಚಾಚಿದ ತನ್ನ ಕೈಗೆ ಹೊದ್ದಿಸಿದ.
ಸರ್‌ಗೆ ಗಂಜಿನ ಬೆರಳು ಬರಂಗಿಲ್ಲ.
ಆದ್ರೂ ಕೈ ಒಳಗ ಇಟ್ಟರು.
ವಲ್ಲಿ ಒಮ್ಮೆ ಅಲುಗಿತು, ನಿಂತಿತು, ಮತ್ತೊಮ್ಮೆ.
ಎಷ್ಟು ಸಾವಿರ, ಎಷ್ಟು ಕಂತು,
ಕೇಳಿದ್ದೋ, ತೀರಿಸಿದ್ದೋ,
ಹೊರಗ ನಿಂತವರಿಗೆ ಕಾಣದಿರಲಿ ಅಂತೇ ಅಲಾ ವಲ್ಲಿ.

ಡಿಸೆಂಬರಿನ್ಯಾಗ ಆ ಬೂಟು ಹಾಕ್ಕೊಂಡು
ಬೀದರಿನ ಅಂಗಿಯೊಳಗ
ಅವರ ಟೀಮಿನ ಎದುರು ನಿಂತೆ.
ಮೊದಲ ನಾಲ್ಕೂ ಬಾಲು ಹೊರಗ ಹೋದವು.
ಕಂಪೌಂಡಿನ ಮ್ಯಾಲ ಸರ್
ತೊಗರಿಕಾಯಿ ಸುಲೀಲತ್ತಿದ್ದರು.
ತಲಿ ಎತ್ತಲಿಲ್ಲ.