ಆರು ತಾಸಿಗೆ ಕೊರ್ದೋಬಾ

ದುರ್ಗಿಗುಡಿಯಲ್ಲಿ ಚಪ್ಪಲಿ ಅಂಗಡಿಯ ಮಾಳಿಗೆ.
ಒಂದು ಮೇಜು, ಒಂದು ಪ್ರಿಂಟರು,
ಬಿಸಿಲು ತಿಂದು ತಿಂದು ನೀಲಿಯಾದ ಐಫೆಲ್ ಗೋಪುರ.
ಇಲ್ಲಿ ಕೂತು ಹದಿನೇಳು ವರ್ಷದಿಂದ
ಜನಕ್ಕೆ ಊರು ತೋರಿಸುತ್ತೇನೆ.
ನಾನು ಕಂಡದ್ದು
ಮೂಡಲಿಗೆ ತಿರುಪತಿ, ಪಡುವಲಿಗೆ ಮಲ್ಪೆ.

ಸಾಮಿಲ್ಲಿನ ಮೊಯ್ದೀನಬ್ಬ ಬಂದರು,
ರೆಪ್ಪೆಗೂದಲಲ್ಲೂ ಮರದ ಹೊಟ್ಟು.
"ವೆಲೆನ್ಸಿಯಾದಲ್ಲಿ ಗರಗಸದ ಮೇಳ ಉಂಟು ಮೇಡಂ,
ಒಂದು ದಿನ ಉಳೀತದೆ.
ಕೊರ್ದೋಬಾಕ್ಕೆ ಹೋಗಿ ಬರುವಾ ಅಂತ.
ರೈಲಿಳಿದು ರೈಲು ಹತ್ತುವುದರೊಳಗೆ ಆರು ತಾಸು.
ನೋಡಲೇಬೇಕಾದ್ದು ಬರೆದು ಕೊಡಿ. ಕನ್ನಡದಲ್ಲೇ ಆಯ್ತಾ."

ಬರೆದೆ.
ಮೊದಲು ಕಂಬಗಳ ಮಸೀದಿ. ಎಂಟುನೂರೈವತ್ತಕ್ಕೂ ಮೇಲೆ ಕಂಬ,
ನಟ್ಟನಡುವೆ ಒಂದು ಚರ್ಚು,
ಹಲಸಿನ ತೊಳೆಯೊಳಗೆ ಬೀಜವಿದ್ದ ಹಾಗೆ.
ಸ್ಟೇಷನ್ನಿನಿಂದ ನಡೆಯಬಹುದು,
ನಮ್ಮ ಶಿವಮೂರ್ತಿ ಸರ್ಕಲ್ಲಿನಿಂದ ಕೋಟೆಗೆ ನಡೆದಷ್ಟು.
ಒಂದೂವರೆ ತಾಸು ಸಾಕು.
ಆಮೇಲೆ ಹಳೆ ಸೇತುವೆ, ಹದಿನಾರು ಕಮಾನು,
ತುಂಗೆಯ ಸೇತುವೆ ಅಂದುಕೊಳ್ಳಿ, ಲಾರಿ ಒಂದೂ ಇಲ್ಲ. ಇಪ್ಪತ್ತು ನಿಮಿಷ.
ಪಕ್ಕದಲ್ಲೇ ನೀರೆತ್ತುವ ರಾಟೆ.
ಅದರ ಕಿರುಗುಟ್ಟಿಗೆ ನಿದ್ದೆ ಬಾರದೆ
ರಾಣಿಯೊಬ್ಬಳು ಬಿಚ್ಚಿಸಿದಳಂತೆ, ಈಗಿನದು ಹೊಸದು. ಹತ್ತು ನಿಮಿಷ.
ಹೂಕುಂಡಗಳ ಓಣಿ: ಎದುರಿಗೆ ದಪ್ಪನೆಯವರು ಬಂದರೆ
ಗೋಡೆಗೆ ಒರಗಿ ದಾರಿ ಬಿಡಿ.
ಊಟದಲ್ಲಿ ಹಂದಿ ಇದೆಯೋ ಕೇಳಿ ತಿನ್ನಿ.

ಬರೆಯುವಾಗ ಕೈ ಎಲ್ಲೂ ತಡೆಯಲಿಲ್ಲ.
ಕಾಣದ ಊರಿನಲ್ಲಿ ನನಗೆ ದಾರಿ ತಪ್ಪುವುದೇ ಇಲ್ಲ.

ತಿಂಗಳು ಕಳೆದು ಬಂದರು.
ಮೇಜಿನ ಮೇಲಿಟ್ಟ ಹಾಳೆಯ ಮಡಿಕೆ
ನಾನು ಮಡಿಚಿದ ಹಾಗೆಯೇ ಇತ್ತು.

"ಬೈಬೇಡಿ. ಒಂದನೇದರಲ್ಲೇ ಆರು ತಾಸು ಮುಗೀತು.
ಒಳಗೆ ನಮಾಜು ಮಾಡುವ ಹಾಗಿಲ್ಲ,
ಕಾವಲಿನವ ನನ್ನನ್ನೇ ನೋಡ್ತಿದ್ದ.
ಸುಮ್ಮನೆ ನಿಂತೆ.
ನಿಂತದ್ದಕ್ಕೆ ಯಾರೂ ಏನೂ ಹೇಳಲಿಲ್ಲ.

ಆ ಕಂಬಗಳು ಒಂದರ ಹಾಗೆ ಒಂದಿಲ್ಲ ಮೇಡಂ,
ನೀವು ಅದು ಬರೆದಿರಲಿಲ್ಲ.
ಎಲ್ಲೆಲ್ಲಿಂದಲೋ ಕಿತ್ತು ತಂದದ್ದಂತೆ.
ಗಿಡ್ಡದಕ್ಕೆ ಅಡಿಗೊಂದು ಪೀಠ ಕೊಟ್ಟಿದ್ದಾರೆ,
ಉದ್ದದ್ದನ್ನು ನೆಲದಲ್ಲಿ ಹೂತಿದ್ದಾರೆ.
ಮೇಲೆ ನೋಡಿದರೆ ಎಲ್ಲ ಒಂದೇ ಮಟ್ಟ.
ನಲವತ್ತು ವರ್ಷ ಮರ ಕೊಯ್ದೆ ನಾನು.
ಉದ್ದ ಕಂಡರೆ ಕತ್ತರಿಸುವುದು ಅಷ್ಟೇ ಗೊತ್ತಿದ್ದದ್ದು."

ಚಹಾ ತರಿಸಿದೆ. ಕುಡಿಯುತ್ತ ಕೇಳಿದರು:
"ಇಲ್ಲಿ ಶಿವಪ್ಪನಾಯಕನ ಅರಮನೆಯ ಕಂಬ
ಪೂರಾ ಬೀಟೆಯೋ, ನಡುವೆ ತೇಗವೂ ಉಂಟೋ?
ನೀವು ನೋಡಿರ್ತೀರಲ್ಲ."
ಪೂರಾ ಬೀಟೆ, ಎಂದೆ.
ನಾನು ಒಳಗೆ ಕಾಲಿಟ್ಟವಳೇ ಅಲ್ಲ.

ಮಂಗಳವಾರ ಮಧ್ಯಾಹ್ನ ಬಾಗಿಲೆಳೆದು ಹೊರಟೆ.
ಗಾಂಧಿ ಬಜಾರಿನಲ್ಲಿ ಬೆಳ್ಳುಳ್ಳಿ ಮಾರುವ ಸುಶೀಲಮ್ಮ
"ಬ್ಯಾಂಕಿಗಾ?" ಅಂದಳು.
ಹೌದೆಂದೆ, ಸುಳ್ಳಿಗೆ ಸುಳ್ಳು ಜೊತೆಯಾಗಲಿ.

ಟಿಕೆಟ್ಟಿಗೆ ಚಿಲ್ಲರೆ ಇರಲಿಲ್ಲ.
ಅಂಗಳದ ತುಂಬ ಕಲ್ಲು:
ಎಲ್ಲೆಲ್ಲಿಂದಲೋ ಎತ್ತಿ ತಂದು ನಿಲ್ಲಿಸಿದ ವೀರರು,
ಕೈಯಿಲ್ಲದ ದೇವಿ, ಬಾಲ ಮುರಿದ ಹುಲಿ.
ಒಂದೊಂದರ ಬುಡಕ್ಕೆ ಒಂದೊಂದು ಹಳ್ಳಿಯ ಹೆಸರು,
ಬಣ್ಣ ಎದ್ದು ಅರ್ಧ ಹಳ್ಳಿ ಉಳಿದಿದೆ.
ಗಿಡ್ಡ ಕಲ್ಲು ಗಿಡ್ಡಕ್ಕೇ ನಿಂತಿತ್ತು, ಉದ್ದದ್ದು ಉದ್ದಕ್ಕೇ.
ಯಾರೂ ಯಾರಿಗೂ ಪೀಠ ಕೊಟ್ಟಿರಲಿಲ್ಲ.

ಒಳಗೆ ಹೋದೆ.
ಕಂಬಕ್ಕೆ ಅಂಗೈ ಇಟ್ಟೆ. ತಣ್ಣಗಿತ್ತು,
ಮಲಗಿದ ಹಸುವಿನ ಮೂಗಿನಷ್ಟು.
ಮೂಸಿ ನೋಡಿದೆ. ಬರೀ ಧೂಳು.
ಬೀಟೆಯೋ ತೇಗವೋ, ನನ್ನ ಕೈಗೆ ಏನು ಗೊತ್ತು,
ಇಷ್ಟು ವರ್ಷ ಹಾಳೆಯನ್ನಷ್ಟೇ ಮುಟ್ಟಿದ ಕೈ.

ಎಣಿಸತೊಡಗಿದೆ. ಹನ್ನೊಂದಕ್ಕೆ ತಪ್ಪಿತು,
ತೊಲೆಯ ಮೇಲೊಂದು ಪಾರಿವಾಳ ಮಗ್ಗುಲಾಯಿತು.
ಮತ್ತೆ ಮೊದಲಿನಿಂದ.

ಬಾಗಿಲ ಹತ್ತಿರ ಕಾವಲಿನವ ಕೈಗಡಿಯಾರ ತೋರಿಸಿದ:
"ಐದಕ್ಕೆ ಮುಚ್ತೀವಿ ಅಮ್ಮಾ,
ಬೇಗ ಬೇಗ ನೋಡ್ಕೊಂಬಿಡಿ.
ಪಾಪ, ಯಾವೂರಿಂದ ಬಂದಿದೀರೋ ಏನೋ."