ಎರಡು ಗಂಟೆಯ ನಕ್ಷೆ

ಬೇಸಿಗೆಯಲ್ಲಿ ನಮ್ಮ ಕಚೇರಿ ಎಂಟಕ್ಕೆ ತೆರೆದು
ಒಂದೂವರೆಗೆ ಬಾಗಿಲು ಹಾಕುತ್ತದೆ.
ಹಾಗಾಗಿ ಕಲಬುರಗಿಯ ಯಾವ ನಕ್ಷೆಗೂ
ಮಧ್ಯಾಹ್ನದ ಎರಡು ಗಂಟೆ ಗೊತ್ತಿಲ್ಲ.

ಇದು ಹೊಳೆದದ್ದು ನನಗಲ್ಲ, ಮಶಾಕಬಿಗೆ,
ಪುಂಡಿಪಲ್ಯದ ಬಂಡಿಯವಳಿಗೆ.
"ರಸ್ತಾ ಅಗಲ ಮಾಡ್ತೀರಂತ, ಮಾಡ್ರಿ.
ಖರೇ ಒಮ್ಮೆ ಎರಡಕ್ಕ ಬಂದು ನಿಂದರ್ರಿ,
ಚಪ್ಪಲಿ ಬಿಟ್ಟು."

ನಿಂತೆ.
ಚಪ್ಪಲಿ ಬಿಡಲಿಲ್ಲ; ಶಹಾಬಾದ ಫರ್ಸಿ
ರೊಟ್ಟಿ ಹಂಚಿನ ಹಾಗೆ ಕಾದಿತ್ತು.

ಅವಳ ಬಂಡಿಗೆ ಗಡಿಯಾರ ಬೇಡ:
ಹತ್ತಕ್ಕೆ ಬ್ಯಾಂಕಿನ ಗೋಡೆ,
ಹನ್ನೊಂದಕ್ಕೆ ಹಳೇ ಹೋರ್ಡಿಂಗು, ಅದರೊಳಗೆ ನಗುವವನ ನೆರಳು,
ಹನ್ನೆರಡಕ್ಕೆ ಬೇವು.
ಆಮೇಲೆ ಬೇವೇ. ಆಮೇಲೂ ಬೇವೇ.
ಆ ಒಂದು ಮರದಡಿ ಎಣಿಸಿದೆ:
ಎರಡು ಆಟೋ, ಪರೀಕ್ಷೆ ಬರೆದು ಬಂದ ಮೂವರು ಹುಡುಗಿಯರು,
ಬೀಗ ರಿಪೇರಿಯ ಮುದುಕ, ಒಂದು ನಾಯಿ,
ನೀರಿನ ಹರವಿ, ನಾನು.
ನನ್ನ ಹಾಳೆಯಲ್ಲಿ ಅದರ ಹೆಸರು "ಅಡಚಣೆ ೧೪".
ಕಾಂಡದ ಮೇಲೆ ಕೆಂಪು ಬಣ್ಣದಲ್ಲೂ ಅದೇ ೧೪,
ನಾನೇ ಬರೆಸಿದ್ದು.

ಕಂಪ್ಯೂಟರಿನಲ್ಲಿ ರಸ್ತೆಗೊಂದು ಪದರ,
ಚರಂಡಿಗೊಂದು, ಕೇಬಲ್ಲಿಗೊಂದು,
ಇನ್ನೂ ಬರದ ಗ್ಯಾಸ್ ಪೈಪಿಗೂ ಒಂದು.
ನೆರಳಿಗೆ ಇರಲಿಲ್ಲ.
ರಾತ್ರಿ ಮನೆಯಲ್ಲಿ ಕೂತು ಮಾಡಿದೆ.
ಯಾವ ಬಣ್ಣ ಕೊಡುವುದೋ ತಿಳಿಯದೆ
ಪುಂಡಿ ದಂಟಿನ ಕೆಂಪು ಕೊಟ್ಟೆ.
ಅಷ್ಟುದ್ದ ರಸ್ತೆಗೆ ಒಟ್ಟು ಹನ್ನೊಂದು ಚುಕ್ಕೆ,
ಜ್ವರದ ಮೈಗೆ ಒದ್ದೆ ಬಟ್ಟೆಯ ಚೂರಿನಷ್ಟು.

ಹುಮನಾಬಾದೆ ಸಾಹೇಬರು ಕನ್ನಡಕ ಏರಿಸಿ ನೋಡಿದರು.
"ಬಜೆಟ್‌ನ್ಯಾಗ ನೆಳ್ಳು ಅಂತ ಕಾಲಮ್ಮೇ ಇಲ್ಲಲ್ಲವಾ."
ಒಂದೊಂದೇ ಹೊಡೆಯುತ್ತ ಬಂದರು, ಹತ್ತು.
ಹದಿನಾಲ್ಕರ ಮೇಲೆ ಪೆನ್ನು ನಿಂತಿತು.
ಯಾಕೆಂದು ನಾನು ಕೇಳಲಿಲ್ಲ.
ಆಮೇಲೆ ಗೊತ್ತಾಯಿತು: ಅವರ ಸ್ಕೂಟರು
ದಿನಾ ನಿಲ್ಲುತ್ತಿದ್ದದ್ದು ಅದರಡಿಯೇ.

ಈಗ ಹೊಸ ರಸ್ತೆ ಅಲ್ಲೊಂದು ಕಡೆ
ಮೊಳದಷ್ಟು ಸೊಟ್ಟ.
"ಯಾವ ಕುರುಡ ಎಳದಾನೋ ಈ ಗೆರಿ!"
ಬಸ್ಸಿನ ಡ್ರೈವರ್ ಬೈಯುತ್ತಾನೆ.
ಮೂರನೇ ಸೀಟಿನಲ್ಲಿ ಕೂತು ನಾನು
ಟಿಕೆಟ್ಟು ಮಡಚುತ್ತೇನೆ.

ಹೊಡೆದು ಹಾಕಿದ ಹತ್ತರ ಜಾಗದಲ್ಲಿ
ಸಸಿ ನೆಟ್ಟಿದ್ದಾರೆ, ಕಬ್ಬಿಣದ ಪಂಜರದೊಳಗೆ.
ಪಂಜರದ ನೆರಳೇ ಸಸಿಯದಕ್ಕಿಂತ ದೊಡ್ಡದು.
ಪಲ್ಯಕ್ಕೆ ಚಿಮುಕಿಸಿ ಉಳಿದ ನೀರನ್ನು
ಸಂಜೆ ಅವಕ್ಕೆ ಸುರಿದು,
ಕೊಡ ತಲೆಕೆಳಗು ಮಾಡಿ ಕೊನೆಯ ಹನಿಯನ್ನೂ ಕೊಡವಿ,
ಮಶಾಕಬಿ ಕೇಳುತ್ತಾಳೆ:
"ಇದು ಯಾವ ವರ್ಷದ ಎರಡು ಗಂಟಿಗ್ರೀ?"