ಹೆಪ್ಪು

ನೀಲಿ ಮುಚ್ಚಳದ ನಳಿಗೆ. ಗೆರೆಯ ತನಕ ರಕ್ತ,
ಹನಿ ಹೆಚ್ಚಲ್ಲ, ಹನಿ ಕಡಿಮೆಯಲ್ಲ.
ತೆಗೆದ ನಾಲ್ಕು ಗಂಟೆಯೊಳಗೆ ಮಡಿಕೇರಿ ಸೇರಬೇಕು.
ಐಸ್ ಬೇಡ, ತಣ್ಣಗಾದರೆ ಸುಳ್ಳು ಹೇಳುತ್ತದೆ ಎಂದಿದ್ದೆ.
ಕುಟ್ಟದ ಬಸ್ಸಿನ ಕಂಡಕ್ಟರ್ ತಮ್ಮಯ್ಯ
ಡಬ್ಬಿಯನ್ನು ತೊಡೆಯ ಮೇಲಿಟ್ಟು ಬರುತ್ತಾನೆ,
ಕಾವಿಗಿಡಲು ಮೊಟ್ಟೆ ಒಯ್ಯುವವನ ಹಾಗೆ.
ಶ್ರೀಮಂಗಲದ ತಿರುವಿನಲ್ಲಿ ಆನೆ ನಿಂತ ದಿನ
ಅವನೇ ಫೋನ್ ಮಾಡಿದ: ಮೇಡಂ, ಇದಕ್ಕೆ ಅವಸರವಿಲ್ಲ,
ನಿಮ್ಮ ರಕ್ತಕ್ಕೆ ಇನ್ನೆಷ್ಟು ಹೊತ್ತು ಉಂಟು?
ನಿಮ್ಮ ರಕ್ತ ಎಂದ. ತಿದ್ದಲಿಲ್ಲ.

ಅವ್ವ ಹಾಲಿಗೆ ಹೆಪ್ಪು ಹಾಕುವಾಗ
ಯಾರೊಂದಿಗೂ ಮಾತಾಡುತ್ತಿರಲಿಲ್ಲ.
ಕಿರುಬೆರಳು ಅದ್ದಿ, ಬಿಸಿಯ ಹದ ನೋಡಿ, ಅರ್ಧ ಚಮಚ.
ಹೆಚ್ಚಾದರೆ ಹುಳಿ, ಕಡಿಮೆಯಾದರೆ ಬೆಳಗಿಗೂ ನೀರು.
ನನ್ನ ಮೊದಲ ಪ್ರಯೋಗಾಲಯ ಅದು ಎಂದು ಬರೆದರೆ ಚೆಂದ;
ನಿಜವಲ್ಲ. ಆಗ ನನಗೆ ಮೊಸರೇ ಸೇರುತ್ತಿರಲಿಲ್ಲ.

ಇದು ಶುರುವಾದದ್ದು ಪೂವಿಯಿಂದ.
ಹೆತ್ತ ಒಂಬತ್ತನೆಯ ದಿನ ಎಡಗಾಲಿನ ಮೀನಖಂಡ ಊದಿತ್ತು.
ಬಾಣಂತಿಯ ಕಾಲು, ಊದುತ್ತದೆ ಎಂದೆವು.
ಎಂದೆವು. ಅದರಲ್ಲಿ ನಾನೂ ಇದ್ದೆ.
ಸಂಜೆ ಎದ್ದು ಕೂತು ಉಸಿರು ಹುಡುಕಿದಳು,
ದಿಂಬಿನ ಕೆಳಗೆ, ಮಗುವಿನ ಬಟ್ಟೆಗಳಲ್ಲಿ ಹುಡುಕುವ ಹಾಗೆ.
ಸಿಗಲಿಲ್ಲ.

ಬಸುರಿಯ ರಕ್ತ ಮುಂದಾಲೋಚನೆಯ ಹೆಂಗಸು:
ಹೆರುವ ದಿನ ತೆರೆದ ಬಾಗಿಲನ್ನು ಮುಚ್ಚುವವರು ಬೇಕೆಂದು
ಮೂರನೇ ತಿಂಗಳಿಂದಲೇ ಅಗುಳಿ ಕೂಡಿಡುತ್ತಾಳೆ.
ಕೆಲವರಲ್ಲಿ ಆ ಎಚ್ಚರ ಅತಿಯಾಗಿ
ಮಗುವಿಗೆ ಅನ್ನ ಹೋಗುವ ಕಿಂಡಿಯನ್ನೂ ಮುಚ್ಚಿಬಿಡುತ್ತದೆ.

ಬೊಳಚಿಗೆ ನಾಲ್ಕು ಹೋಗಿದ್ದವು.
ಒಂದು ಕಾಫಿಯ ಹೂಮಳೆಗೆ, ಒಂದು ಗೊಬ್ಬರ ಹಾಕುವಾಗ,
ಎರಡು ಕುಯ್ಲಿನಲ್ಲಿ.
ತಾರೀಕು ಕೇಳಿದರೆ ತೋಟದ ಕೆಲಸ ಹೇಳಿದಳು,
ನಾನು ವಾರ ಎಣಿಸಿ ಬರೆದುಕೊಂಡೆ.
"ಇಂಬಳ ಕಚ್ಚಿದರೆ ನಂಗೆ ಸಂಜೆ ತನಕ ನಿಲ್ಲಲ್ಲ ಡಾಕ್ಟ್ರೆ,
ಒಳಗೆ ಮಾತ್ರ ಹೆಪ್ಪು ಹೇಗೆ?"
ಅವಳ ನಳಿಗೆಯೂ ಅದನ್ನೇ ಕೇಳಿತು.
ಮೂವತ್ತೇಳು ಡಿಗ್ರಿಯ ನೀರಿನಲ್ಲಿ ಓಲಾಡಿಸುತ್ತ ನಿಂತೆ:
ಮೂವತ್ತು, ನಲವತ್ತು, ಐವತ್ತೆಂಟು ಸೆಕೆಂಡು, ಇನ್ನೂ ತೆಳು.
ಗಾಜಿನಲ್ಲಿ ತಡಮಾಡುವ ಈ ರಕ್ತವೇ
ಗರ್ಭದಲ್ಲಿ ಆತುರಪಡುತ್ತದೆ.
ಇಪ್ಪತ್ತು ವರ್ಷ ಓದಿದ ಮೇಲೂ
ಇದನ್ನು ಹೇಳುವಾಗ ನನ್ನ ದನಿ ನನಗೇ ಸುಳ್ಳೆನಿಸುತ್ತದೆ.

ಮದ್ದು ಹಂದಿಯ ಕರುಳಿನದು. ಒಪ್ಪಿಗೆ ಪತ್ರದಲ್ಲಿ ಬರೆಯಲೇಬೇಕು.
ನಾಪೋಕ್ಲಿನ ಸಫೂರಾ ಮೂರು ದಿನ ಯೋಚಿಸಿ,
ಉಸ್ತಾದರನ್ನು ಕೇಳಿಸಿ ಬಂದಳು: ಜೀವಕ್ಕಾದರೆ ಆಗಬಹುದಂತೆ.
ಬೊಳಚಿ ನಕ್ಕಳು:
"ಹಂದಿ ಬಾಯಿಗಲ್ವಾ, ಹೊಟ್ಟೆಗೆ ಚುಚ್ಚೋದಾ?"
ಕರುಳಕುಡಿಗೆ ಕರುಳೇ ಕಾವಲು ಎಂದು ನನಗೆ ಹೊಳೆದದ್ದು ರಾತ್ರಿ;
ಪ್ರಬಂಧದಲ್ಲಿ ಅಂಥ ವಾಕ್ಯಕ್ಕೆ ಜಾಗವಿಲ್ಲ.

ಲೈನ್ ಮನೆಯಲ್ಲಿ ಬೆಳಿಗ್ಗೆ ಐದೂವರೆಗೆ, ಮೇಸ್ತ್ರಿ ಕೂಗುವ ಮೊದಲು,
ಹೊಕ್ಕುಳಿನಿಂದ ನಾಲ್ಕು ಬೆರಳು ದೂರ,
ಇವತ್ತು ಎಡಕ್ಕೆ, ನಾಳೆ ಬಲಕ್ಕೆ.
ಮುಗಿದ ಸೂಜಿಗಳು ಬಿಸ್ಕತ್ತಿನ ಡಬ್ಬಿಯಲ್ಲಿ.
ಎಣಿಸಿದೆ: ನೂರ ಎಂಬತ್ತು.
ಇರಬೇಕಾದ್ದು ನೂರ ಎಂಬತ್ತೆರಡು.
"ಎರಡು ದಿನ ನಮ್ಮ ದೇವರಿಗೆ" ಎಂದಳು. ಹಾಗೇ ಬರೆದೆ.

ಮೂವತ್ತನಾಲ್ಕನೇ ವಾರ. ಹೆಣ್ಣು. ಒಂದು ಕಿಲೋ ಒಂಬೈನೂರು.
ಫಾರಂನಲ್ಲಿ ಹೆಸರಿಗೆ ಜಾಗವಿಲ್ಲ, ಚೌಕದೊಳಗೆ ಒಂದು ಗುರುತು.
ಇನ್ನೂರ ಹನ್ನೆರಡು ಚೌಕ ಕೂಡಿಸಿ ಅಳೆದಾಗ
ಬಂದದ್ದು ಸೊನ್ನೆ ಬಿಂದು ಸೊನ್ನೆ ಆರು.
ಐದರೊಳಗಿದ್ದರೆ ನಂಬುತ್ತಾರೆ. ಆರು ಎಂದರೆ
ಆಕಸ್ಮಿಕವೂ ಇರಬಹುದು ಎಂದು ಬರೆಯಬೇಕು.
ಬರೆದೆ. ಬರೆದದ್ದು ಸರಿ ಎಂದೇ ಈಗಲೂ ಅನ್ನುತ್ತೇನೆ.

ಆ ಆಕಸ್ಮಿಕ ಮೊನ್ನೆ ಓಪಿಡಿಗೆ ಬಂದಿತ್ತು.
ಸ್ಟೆತಾಸ್ಕೋಪಿನ ಕೊಳವೆಯನ್ನು ಇಂಬಳದ ಹಾಗೆ ಕಚ್ಚಿ ಹಿಡಿದು,
ಬಿಡಿಸಿದರೆ ಊರಿಗೆ ಕೇಳುವ ಕೂಗು.

ಫೋನ್. ಮೇಡಂ, ಬಸ್ಸು ಬಿಟ್ಟಿತು, ಇವತ್ತು ಎರಡು ನಳಿಗೆ.
ಗಡಿಯಾರ ನೋಡಿದೆ: ಒಂಬತ್ತು ಹತ್ತು.